ಬಬಲೇಶ್ವರದಲ್ಲಿ ತಪ್ಪಿದ ತಾಳ

ನಾನು ತಿಕೋಟಾಕ್ಕೆ ಸೊಸೆಯಾಗಿ ಬಂದದ್ದು ಅರವತ್ತೆರಡನೆಯ ಇಸವಿಯಲ್ಲಿ. ಮೂರನೆಯ ದಿನವೇ ಅತ್ತೆ ರಾಚವ್ವ ನನ್ನ ರೊಟ್ಟಿಯಲ್ಲಿ ತಪ್ಪು ಹಿಡಿದರು. ರೊಟ್ಟಿ ದಪ್ಪ ಆಗಿರಲಿಲ್ಲ, ಹರಿದೂ ಇರಲಿಲ್ಲ. ಬಡಿಯುವ ಕೈಗೆ ಲೆಕ್ಕವಿಲ್ಲವಂತೆ. ಹದಿನಾರು ಪೆಟ್ಟಿಗೆ ಒಂದು ಸುತ್ತು ಮುಗಿಯಬೇಕು, ಮತ್ತೆ ಮೊದಲ ಪೆಟ್ಟು ಗಟ್ಟಿಯಾಗಿ ಬೀಳಬೇಕು ಎಂದು ಪಕ್ಕದಲ್ಲೇ ಕೂತು ಎಣಿಸಿದರು. ಪಲ್ಲೆಗೆ ಉಪ್ಪು ಹೆಚ್ಚಾಯಿತೆಂದು ತವರಿನಲ್ಲಿ ಬೈಸಿಕೊಂಡವಳು ನಾನು. ತಾಳ ತಪ್ಪಿತೆಂದು ಬೈಸಿಕೊಂಡದ್ದು ಅದೇ ಮೊದಲು. ಎಂಥ ಮನೆಗೆ ಬಂದು ಬಿದ್ದೆನಪ್ಪಾ ಎನಿಸಿತು.

ಅತ್ತೆಯ ತವರು ಸಾರವಾಡ. ಅವರಪ್ಪ ಯಲಗೂರಪ್ಪನದೊಂದು ಭಜನಿ ಮೇಳವಿತ್ತು. ಗಂಡುಮಕ್ಕಳಿಲ್ಲದ ಆ ಮನುಷ್ಯ ಮಗಳ ಮುಂದೆಯೇ ತಬಲಾ ಇಟ್ಟ. ಒಮ್ಮೆ ಹಾರ್ಮೋನಿಯಂ ಪೇಟಿ ರಿಪೇರಿಗೆಂದು ವಿಜಾಪುರದ ಗುಡುಸಾಬನ ಅಂಗಡಿಗೆ ಹೋದಾಗ, ಗುಡುಸಾಬನ ಮಗಳು ಗುಲಶನ ಪೇಟಿ ನುಡಿಸುವುದನ್ನು ಕೇಳಿ, ಇಬ್ಬರು ಹುಡುಗಿಯರನ್ನೂ ಜೋಡಿ ಮಾಡಿದ. ಎರಡು ವರ್ಷ ಸುತ್ತಲಿನ ಊರುಗಳಲ್ಲಿ ಬಸುರಿಯ ಕುಬಸವಿರಲಿ, ಕೂಸಿನ ತೊಟ್ಟಿಲಿರಲಿ, ಇವರಿಗೇ ಕರೆ. ಕೊನೆಯದು ಬಬಲೇಶ್ವರದ ಒಂದು ವಾಡೆಯಲ್ಲಿ, ಅತ್ತೆಯ ಮದುವೆಗೆ ಎಂಟು ದಿನ ಮುಂಚೆ. ಅಲ್ಲಿ ಲಯ ಏರಿಸಿದ ಹೊತ್ತಿಗೆ ಪೇಟಿ ಒಂದು ಕಡೆ ಹೋಯಿತು, ತಬಲಾ ಒಂದು ಕಡೆ. ನೆರೆದ ಹೆಂಗಸರು ನಕ್ಕುಬಿಟ್ಟರು. ಆಮೇಲೆ ಇಬ್ಬರಿಗೂ ಮದುವೆ, ಮಕ್ಕಳು, ಮನೆಗೆಲಸ. ವಾದ್ಯ ಅಲ್ಲಿಗೇ ನಿಂತಿತು. ತಪ್ಪಿದವರು ಯಾರು ಎಂಬ ಜಗಳ ಮಾತ್ರ ನಿಲ್ಲಲಿಲ್ಲ.

ಗುಲಶನಳನ್ನು ನಮ್ಮ ಮನೆಯಲ್ಲಿ ಎಲ್ಲರೂ ಮೌಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು; ಅವರನ್ನು ಕೊಟ್ಟದ್ದು ಇಬ್ರಾಹಿಂಪುರಕ್ಕೆ. ಗಂಡ ರಸೂಲಸಾಬರಿಗೆ ರೈಲ್ವೆಯಲ್ಲಿ ಕೆಲಸ. ತಿಂಗಳಿಗೊಮ್ಮೆ ಸಂತೆಯ ನೆವ ಮಾಡಿ ಮೌಶಿ ತಿಕೋಟಾದ ಬಸ್ಸು ಹತ್ತುತ್ತಿದ್ದರು. ಮೊದಲ ಚಹಾಕ್ಕೆ ಮಕ್ಕಳ ಸುದ್ದಿ, ಎರಡನೆಯದಕ್ಕೆ ಅಳಿಯಂದಿರ ಮೇಲಿನ ದೂರು, ಮೂರನೆಯದಕ್ಕೆ ಬಬಲೇಶ್ವರ. ದನಿ ಏರಿದ್ದೇ ಏರಿದ್ದು. ಮೊದಲ ಸಲ ನಾನು ಇನ್ನೇನು ಜುಟ್ಟು ಹಿಡಿಯುತ್ತಾರೆಂದು ಹೆದರಿ, ಎಮ್ಮೆ ಹಿಂಡುತ್ತಿದ್ದ ನನ್ನ ಗಂಡನ ಹತ್ತಿರ ಓಡಿದೆ. ಆತ ತಲೆಯನ್ನೂ ಎತ್ತಲಿಲ್ಲ. ಆ ಜಗಳ ತನಗಿಂತ ಹಿರಿಯದು, ಹೋಗಿ ಇನ್ನೊಂದು ಚಹಾ ಇಡು ಎಂದ. ಆತ ಹುಡುಗನಿದ್ದಾಗ ವಿಷಮಜ್ವರ ಬಂದಿತ್ತಂತೆ. ಮೌಶಿ ಒಂಬತ್ತು ದಿನ ಇಲ್ಲೇ ಉಳಿದು ಆರೈಕೆ ಮಾಡಿದ್ದರಂತೆ, ಒಂಬತ್ತು ದಿನವೂ ಜಗಳಾಡಿದ್ದರಂತೆ.

ಅರವತ್ನಾಲ್ಕರಲ್ಲಿ ಮೌಶಿ ಸಂತೆಯಿಲ್ಲದ ದಿನ ಬಂದರು. ರಸೂಲಸಾಬರಿಗೆ ಗದಗಿಗೆ ವರ್ಗವಾಗಿತ್ತು, ಎಂಟು ದಿನದಲ್ಲಿ ಹೊರಡಬೇಕಿತ್ತು. ಅವತ್ತು ಚಹಾ ಮೂರು ಸಲ ಆಯಿತು, ಬಬಲೇಶ್ವರದ ಹೆಸರೇ ಬರಲಿಲ್ಲ. ಅವರ ಜಗಳಕ್ಕಿಂತ ಆ ಮೌನಕ್ಕೇ ನಾನು ಹೆಚ್ಚು ಹೆದರಿದೆ. ಮೌಶಿ ಹೋದ ಮೇಲೆ ಅತ್ತೆ ಒಲೆಯ ಮುಂದೆ ಕೂತು ಹೇಳಿದರು: "ಬಬಲೇಶ್ವರದ್ದನ್ನ ಮನಸ್ನ್ಯಾಗ ಇಟಗೊಂಡು ಹೋದ್ರ ಆಕಿ ತಿರುಗಿ ಬರೂದಿಲ್ಲ, ತಂಗಿ. ನಂಗ ಇನ್ನೊಬ್ಬ ಗುಲಶನ ಎಲ್ಲಿ ಸಿಗ್ತಾಳ?" ಮರುದಿನವೇ ಇಬ್ರಾಹಿಂಪುರಕ್ಕೆ ಹೇಳಿ ಕಳಿಸಿದರು: ಪೇಟಿ ತಗೊಂಡು ಬಾ, ಅದೇ ಹಾಡು ಬಾರಿಸೋಣ, ತಪ್ಪು ಯಾರದೆಂದು ತೀರಿಸಿಬಿಡೋಣ.

ಹೊರಡುವ ಮುನ್ನಾದಿನ ಮೌಶಿ ಕೌದಿಯಲ್ಲಿ ಸುತ್ತಿದ ಪೇಟಿಯೊಂದಿಗೆ ಬಸ್ಸು ಇಳಿದರು. ಅತ್ತೆ ಊರ ಮಠದ ಭಜನಿ ಮೇಳದಿಂದ ತಬಲಾ ಕೇಳಿ ತರಿಸಿದ್ದರು. ನೆರೆಮನೆಯ ಮುದುಕವ್ವ ಕರೆಯದೆಯೇ ಬಂದು ಮುಂದೆ ಕೂತಿದ್ದಳು. ಮೊದಲೆರಡು ಸುತ್ತು ಕುಂಟೆತ್ತು ಹೂಡಿದ ಬಂಡಿಯ ಹಾಗೆ ಹೋಯಿತು. ಆಮೇಲೆ ಕೈಗಳಿಗೆ ಹಳೆಯದೆಲ್ಲ ನೆನಪಾಯಿತು. ಅತ್ತೆಯ ಸೆರಗು ಜಾರಿತು. ಸರಿ ಮಾಡಲು ಹೋದ ಮುದುಕವ್ವನ ಕೈಗೊಂದು ಏಟು ಬಿತ್ತು. ನನಗೆ ಖುಷಿಯೋ ಖುಷಿ. ಇಂಥವರು ಪಕ್ಕದಲ್ಲಿ ಕೂತು ರೊಟ್ಟಿಯ ತಾಳ ಎಣಿಸಿದ್ದಕ್ಕೆ ಎರಡು ವರ್ಷ ಒಳಗೊಳಗೇ ಗೊಣಗಿದ್ದೆನಲ್ಲ ಎಂದು ಸಂಕೋಚವೂ ಆಯಿತು.

ಲಯ ಏರಿತು. ಅತ್ತೆ ಕಲಿಸಿದಂತೆ ನಾನು ಬೆರಳು ಮಡಿಸಿ ಎಣಿಸುತ್ತಿದ್ದೆ. ಹದಿನೈದು ಎನ್ನುವಷ್ಟರಲ್ಲಿ ಪೇಟಿ ಮೊದಲ ಪೆಟ್ಟಿನ ಜಾಗಕ್ಕೆ ಬಂದು ಕೂತುಬಿಟ್ಟಿತು. ಎರಡು ಪೆಟ್ಟು ಮೊದಲೇ! ಅತ್ತೆಯ ಕೈ ಬಿದ್ದದ್ದು ಎಲ್ಲಿ ಬೀಳಬೇಕೋ ಅಲ್ಲೇ. ಮುದುಕವ್ವ ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡಿದಳು. ಅತ್ತೆ ತಬಲಾದಿಂದ ಕೈ ಎತ್ತಿದರು.

"ನಂದಽ ತಪ್ಪಾತು, ಗುಲಶನಾ. ಅವತ್ತೂ ನಂದಽ."

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವುದರೊಳಗೆ ಅತ್ತೆ ನನ್ನತ್ತ ಕಣ್ಣು ಬಿಟ್ಟರು. ಗೆದ್ದ ಮೌಶಿ ನಗಬೇಕಿತ್ತು. ಅವರ ಮುಖ ಕೆಂಪಾಯಿತು.

"ಸುಳ್ಳ ಹೇಳಬ್ಯಾಡ ಬೇ. ಅವತ್ತೂ ಅವಸರ ಮಾಡಿದಾಕಿ ನಾನಽ, ಇವತ್ತೂ ನಾನಽ. ಇಪ್ಪತ್ತೈದ ವರ್ಷದಿಂದ ನಂಗ ಗೊತ್ತೈತಿ. ನೀ ಹಿಂಗ ಸೋತು ಕುಂತ್ರ, ನಾ ಗದಗಿನಿಂದ ಯಾರ ಕೂಡ ಜಗಳಾಡಾಕ ಬರ್ಲಿ?"

ಅತ್ತೆ ಅತ್ತರು. ಮೌಶಿಯೂ ಅತ್ತರು. ನಾನು ಅಳುತ್ತಲೇ ಒಲೆಯ ಮೇಲೆ ಚಹಾ ಇಟ್ಟೆ, ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಿಲ್ಲ. ಸಂಜೆ ಹೊರಟ ಬಸ್ಸಿನ ಕಿಡಕಿಯಿಂದ ಮೌಶಿ, ಬಬಲೇಶ್ವರದಲ್ಲಿ ತಾಳ ತಪ್ಪಿಸಿದವಳು ರಾಚವ್ವನೇ ಎಂದು ಗದಗಿನವರಿಗೆಲ್ಲ ಹೇಳುತ್ತೇನೆ ಎಂದು ಕೂಗಿದರು. ಅದು ಹೇಗೆ ಹೇಳುತ್ತೀಯೋ ನಾನೂ ನೋಡುತ್ತೇನೆ ಎಂದು ಅತ್ತೆ ಕೆಳಗಿನಿಂದ ಕೂಗಿದರು.

ಅಲ್ಲಿಯವರೆಗೆ ಅತ್ತೆ ರೈಲು ಹತ್ತಿದವರಲ್ಲ; ಆ ಕಬ್ಬಿಣದ ಸದ್ದು ಕೇಳಿದರೇ ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಿದ್ದರು. ಮುಂದಿನ ತಿಂಗಳು ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿಯ ಗಂಟು ಕಟ್ಟಿಕೊಂಡು, ಒಬ್ಬರೇ ಗದಗಿನ ಗಾಡಿ ಹತ್ತಿದರು. ಅಷ್ಟು ದೂರ ಯಾಕೆ ಎಂದು ಮುದುಕವ್ವ ಕೇಳಿದ್ದಕ್ಕೆ, ಜಗಳ ಬಾಕಿ ಐತಿ ಎಂದರು.