ಜಡ್ಜ್ ಸಾಹೇಬರ ಅಪ್ಪ

ನಾನು ಕಣ್ಣು ಮುಚ್ಚಿದರೆ ಮಗು ಉಸಿರಾಡುವುದನ್ನೇ ಮರೆತುಬಿಡುತ್ತದೆ ಎಂಬ ಭಯ ನನಗೆ. ಅದಕ್ಕೇ ನಿದ್ದೆಗೆಟ್ಟು ತೊಟ್ಟಿಲು ಕಾಯುತ್ತೇನೆ, ಅತ್ತೆ ಬರುತ್ತೇನೆಂದರೂ ಬೇಡ ಎಂದಿದ್ದೇನೆ. ಮೇಲಿನ ಮನೆಯ ನಿವೃತ್ತ ಜಡ್ಜ್ ಸಾಹೇಬರಿಗೆ ಮಾತ್ರ ಯಾವ ಭಯವೂ ಇಲ್ಲ, ಏಕೆಂದರೆ ಅವರು ಯಾವ ಕೆಲಸವನ್ನೂ ಒಬ್ಬರೇ ಮಾಡುವುದಿಲ್ಲ. ಒಂದು ಕಾಲಕ್ಕೆ ಇಡೀ ಕೋರ್ಟನ್ನು ನಡುಗಿಸಿದ ಮನುಷ್ಯ ಈಗ ಕಾಲುಚೀಲ ಹಾಕಿಕೊಳ್ಳುವ ಮುಂಚೆಯೂ ಕೈಮುಗಿದು, "ಅಪ್ಪಾ, ಇದರಲ್ಲಿ ಎಡಗಾಲಿಂದು ಯಾವುದು, ನೀನೇ ತೋರಿಸು" ಎಂದು ದೇವರನ್ನು ಕೇಳುತ್ತಾರೆ. ಲಿಫ್ಟ್ ಬಂದರೆ ಆಮೆನ್, ಬರದಿದ್ದರೆ ಮೆಟ್ಟಿಲ ಮೇಲೆ ಕೂತು ಆಮೆನ್. ಚರ್ಚಿನಲ್ಲಿ ದೊಡ್ಡವರ ಸಾಲು ಬಿಟ್ಟು, ಸಂಡೇ ಸ್ಕೂಲಿನ ಮಕ್ಕಳ ಮೋಟು ಬೆಂಚಿನಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂರುತ್ತಾರೆ. ಪಾದ್ರಿಗಳು ಎಬ್ಬಿಸಲು ಹೋದರೆ, "ನನ್ನ ಕ್ಲಾಸು ಇದೇ" ಎನ್ನುತ್ತಾರೆ. ಇವತ್ತು ಜಾಮ್ ಬಾಟಲಿ ಹಿಡಿದು ನಮ್ಮ ಬಾಗಿಲು ತಟ್ಟಿದರು. "ಮುಚ್ಚಳ ಬರ್ತಿಲ್ಲ ಮಗಳೇ. ಅಪ್ಪನ್ನ ಕೇಳ್ದೆ, ಕೆಳಗಡೆ ಮನೆಗೆ ಹೋಗು ಅಂದ." ನನಗೆ ರೇಗಿತು. "ಇಷ್ಟಕ್ಕೆಲ್ಲಾ ದೇವರನ್ನ ಕರೀಬೇಕಾ ಅಂಕಲ್?" ಎನ್ನುತ್ತ ತೆಗೆದುಕೊಟ್ಟೆ. "ಮೊದಲು ಯಾರನ್ನೂ ಕರೀತಿರಲಿಲ್ಲಮ್ಮ," ಎಂದರು. "ಒಂದಿನ ಬಚ್ಚಲಲ್ಲಿ ಜಾರಿಬಿದ್ದು ಬೆಳಗಿಂದ ಸಂಜೆತನಕ ಹಾಗೇ ಬಿದ್ದಿದ್ದೆ. ಕಿಟಕಿ ಕೆಳಗಡೆ ವಾಚ್‌ಮನ್ ಹಾಡ್ಕೊಳ್ತಿದ್ದ. ಕೂಗಿದ್ರೆ ಜಡ್ಜ್ ಮರ್ಯಾದೆ ಏನಾಗ್ಬೇಕು ಅಂತ ಸುಮ್ನಿದ್ದೆ. ಕೊನೇಗೆ ಬಾಯಿಂದ ಬಂದಿದ್ದು, ಅಪ್ಪಾ ಅಂತ. ಅವನು ಓಡಿ ಬಂದ." ಬೆರಳಿನ ಜಾಮ್ ನೆಕ್ಕುತ್ತ ಅವರು ಮೆಟ್ಟಿಲು ಹತ್ತಿದರು. ನಾನು ಬಾಗಿಲಲ್ಲೇ ನಿಂತು ಫೋನ್ ಮಾಡಿದೆ: "ಅತ್ತೆ, ನನ್ನ ಕೈಲಿ ಆಗ್ತಿಲ್ಲ. ಬರ್ತೀರಾ?"