ತತ್ತಿ ಇಲ್ಲದ ಖೋಲಿ

ಆ ಕೇಕಿಗೆ ಮೊಟ್ಟೆ ಹಾಕಿದವಳು ನಾನು, ಮಾರ್ತಾಬಾಯಿ. ನೀವಲ್ಲ, ನಿಮ್ಮ ಗಂಡ ಪೌಲೋ ಸಾಹೇಬರೂ ಅಲ್ಲ — ನಾನು, ಕಲಾವತಿ. ಭಾಲ್ಕಿಯಲ್ಲಿ ಇವತ್ತಿಗೂ ಆ ಸುದ್ದಿ ಬಂದರೆ ಜನ ನಿಮ್ಮ ಹೆಸರನ್ನೇ ಹಿಡಿದು ಆಡುತ್ತಾರೆ. ನಾನು ಕೇಳಿಸಿಕೊಂಡು ಸುಮ್ಮನಿರುತ್ತೇನೆ. ಇಷ್ಟು ವರ್ಷ ಹಾಗೇ ಇದ್ದೆ. ಈಗ ಸಾಕಾಗಿದೆ.

ಈ ಪತ್ರ ನಿಮ್ಮ ಕೈ ಸೇರಲಿಕ್ಕಿಲ್ಲ. ಬ್ರೆಜಿಲ್ಲಿನಲ್ಲಿ ಯಾವ ಊರಿಗೆ ಮರಳಿದಿರೋ ನನಗೆ ಗೊತ್ತಿಲ್ಲ. ಕನ್ನಡ ಮಾತಾಡಲು ಕಲಿತಿರಿ, ಓದಲು ಕಲಿಯುವಷ್ಟು ಪುರಸೊತ್ತು ನಿಮಗೆ ನಮ್ಮ ಊರು ಕೊಡಲೇ ಇಲ್ಲ. ಆದ್ದರಿಂದ ನಮ್ಮನ್ನು ಅರಿಯದವರಿಗೂ ತಿಳಿಯುವ ಹಾಗೆ ಮೊದಲಿನಿಂದ ಬರೆಯುತ್ತೇನೆ.

ನೀವಿಬ್ಬರೂ ಭಾಲ್ಕಿಗೆ ಬಂದದ್ದು ಯೇಸುವಿನ ಮಾತು ಹೇಳಲಿಕ್ಕೆ. ಹೊಟ್ಟೆಪಾಡಿಗೆ ಅಂತ ಒಂದು ಬೇಕರಿ. ಕೆಳಗೆ ಅಂಗಡಿ, ಮೇಲೆ ಮನೆ. ಬೆಳಗಾದರೆ ಮೇಲಿನಿಂದ ಗಿಟಾರು, ನಿಮ್ಮ ಭಾಷೆಯ ಹಾಡು. ಹಾಡು ಮುಗಿದ ಕೂಡಲೆ ಸಾಹೇಬರು ಮೆಟ್ಟಿಲಿಳಿದು ಬಂದು ಹಿಟ್ಟಿಗೆ ಕೈ ಹಾಕುತ್ತಿದ್ದರು. ಅಲ್ಲಿಂದ ದೇವರನ್ನು ನೆನೆಯಲು ನಿಮಗೆ ಎಲ್ಲಿಯ ಬಿಡುವು? ಕರೆಂಟು ಹೋಯಿತು, ಸಕ್ಕರೆಗೆ ಇರುವೆ ಹತ್ತಿತು, ಸಿಲಿಂಡರ್ ಬರಲಿಲ್ಲ, ವೀಸಾದ ಕಾಗದ ಹಿಡಿದು ಬೀದರಿಗೆ ಓಡಬೇಕು. ಜನ ನಿಮ್ಮನ್ನು ಧರ್ಮದ ವಿಚಾರ ಕೇಳಿದ್ದಕ್ಕಿಂತ "ಬ್ರೆಡ್ ಯಾಕ್ರಿ ಹಿಂಗ ಒಣಗ್ಯಾವ?" ಅಂತ ಕೇಳಿದ್ದೇ ಹೆಚ್ಚು. ಭಾನುವಾರ ಅಂಗಡಿ ಮುಚ್ಚಿ ಪ್ರಾರ್ಥನೆಗೆ ಚಾಪೆ ಹಾಸಿದರೆ ಬರುವವರು ಒಬ್ಬಿಬ್ಬರು, ಅವರೂ ಅರ್ಧ ಚಹಾದ ಆಸೆಗೆ. ನೀವು ಮೈದಾ ಚೀಲಕ್ಕೆ ಒರಗಿ, ಬೈಬಲ್ಲನ್ನು ತೊಡೆಯ ಮೇಲಿಟ್ಟುಕೊಂಡೇ ನಿದ್ದೆ ಹೋಗಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಎಬ್ಬಿಸಲು ಮನಸ್ಸು ಬರುತ್ತಿರಲಿಲ್ಲ.

ನನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದು ನನ್ನ ಕೈರುಚಿ ನೋಡಿ ಅಲ್ಲ, ಅಷ್ಟು ನನಗೂ ತಿಳಿಯುತ್ತಿತ್ತು. ನಾನು ಲಿಂಗಾಯತರ ಮನೆಯ ಹೆಣ್ಣುಮಗಳು, ಗಂಡ ತೀರಿಕೊಂಡವಳು, ಕೊರಳಲ್ಲಿ ಲಿಂಗ ಕಟ್ಟಿದವಳು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೊಟ್ಟೆ ಹೊಸ್ತಿಲು ದಾಟುವುದಿಲ್ಲ. ಬೇಕರಿಯ ತಿಂಡಿ ಎಂದರೆ ಮೂಗು ಮುರಿಯುತ್ತಾರೆ. ಅವರಿಗಾಗಿ ನೀವು ಅಂಗಡಿಯ ಹಿಂದೆ ಒಂದು ಬೇರೆ ಖೋಲಿ ಮಾಡಿದಿರಿ. ಬೇರೆ ಓವನ್, ಬೇರೆ ಪಾತ್ರೆ, ಪಾತ್ರೆಯ ಹಿಡಿಕೆಗಳಿಗೆಲ್ಲ ಹಸಿರು ಬಣ್ಣ. ಆ ಖೋಲಿಗೆ ಮೊಟ್ಟೆ ಬರಬಾರದು, ನಾನು ಬಿಟ್ಟು ಇನ್ನೊಬ್ಬರೂ ಬರಬಾರದು. ನೀವೂ ಹೊಸ್ತಿಲ ಆಚೆ ನಿಂತೇ ಮಾತಾಡುತ್ತಿದ್ದಿರಿ. ಒಮ್ಮೆ ನಾನು, "ನಿಮ್ಮದೇ ಖೋಲಿ, ಒಳಗ ಬರ್ರಿ" ಅಂದೆ.

"ಬ್ಯಾಡ್ರಿ ಕಲಾವತಿ. ನನ್ನ ಕೈ ತತ್ತಿ ಮುಟ್ಟತದ. ಜನಾ ನಿಮ್ಮ ಕೈ ನಂಬಿ ಒಯ್ತಾರ" ಅಂದಿರಿ.

ಖರೇನೇ, ನಂಬಿ ಒಯ್ಯುತ್ತಿದ್ದರು. "ಕಲಾವತಿಬಾಯಿ ಕೈದು ಅದ ಏನ್ರಿ?" ಎಂದು ಕೇಳಿ, ನಾನು ಹೌದೆಂದ ಮೇಲೆಯೇ ಡಬ್ಬಿ ಎತ್ತುತ್ತಿದ್ದರು. ನನಗೆ ಸ್ವಲ್ಪ ಸೊಕ್ಕು ಬಂದಿತ್ತು — ಸ್ವಲ್ಪವೇನು, ಬಹಳವೇ ಬಂದಿತ್ತು.

ಖಟಕ ಚಿಂಚೋಳಿಯ ಗಂಗಮ್ಮಾಯಿ ಬೇಕರಿಯ ಕಡೆ ತಲೆ ಹಾಕಿದವರಲ್ಲ. ಲಿಂಗಪೂಜೆ ಆಗದೆ ನೀರು ಸಹ ಕುಡಿಯದ ಹಿರಿಯ ಜೀವ. ಮೊಮ್ಮಗಳ ತೊಟ್ಟಿಲು ಶಾಸ್ತ್ರಕ್ಕೆ ಕೇಕ್ ಬೇಕೇ ಬೇಕೆಂದು ಸೊಸೆ ಹಟ ಹಿಡಿದಾಗ, ಆಯಿ ಒಪ್ಪಿದ್ದು ನನ್ನ ಹೆಸರು ಕೇಳಿ.

ಆ ದಿನ ನನಗೆ ಏನಾಗಿತ್ತು? ಹೇಳಿಕೊಳ್ಳಲು ಒಂದು ಒಳ್ಳೆಯ ಕಾರಣ ಸಿಕ್ಕೀತೇ ಎಂದು ಎಷ್ಟು ಹುಡುಕಿದ್ದೇನೆ — ಇಲ್ಲ. ಮನೆಯಲ್ಲಿ ಕಷ್ಟವಿರಲಿಲ್ಲ. ನಿಮ್ಮ ಮೇಲೆ ಸಿಟ್ಟಿರಲಿಲ್ಲ. ದಣಿದಿದ್ದೆ, ಅಷ್ಟೇ. ನಿಂತು ನಿಂತು ಕಾಲು ಬಾತಿದ್ದವು. ಬೇಯುವಾಗ ಕರೆಂಟು ಹೋಗಿ ಕೇಕು ನಡುವೆ ಕುಸಿದು ಕೂತಿತು. ಕರೆಂಟು ಬಂದ ಮೇಲೆ ಮತ್ತೆ ಹಿಟ್ಟು ಕಲಸಿದೆ. ಅಷ್ಟರಲ್ಲಿ ಚಿಂಚೋಳಿಯ ಜೀಪು ಬಾಗಿಲಿಗೆ ಬಂದು ಹಾರ್ನ್ ಹೊಡೆಯತೊಡಗಿತು. ನೀವು ಹೊಸ್ತಿಲಲ್ಲಿ ನಿಂತು, "ಇವತ್ತು ಬರೋಬ್ಬರಿ ಆಗಿಲ್ಲ ಅಂತ ಹೇಳೂಣ್ರಿ. ಮಾಫಿ ಕೇಳೂಣು" ಅಂದಿರಿ. ಯಾರೂ ಕೇಳದಿದ್ದರೂ ನಿನ್ನೆಯ ಬ್ರೆಡ್ಡನ್ನು ನಿನ್ನೆಯದೆಂದೇ ಹೇಳಿ ಗಿರಾಕಿ ಕಳೆದುಕೊಳ್ಳುವವರು ನೀವು. ಕಲಾವತಿಯ ಕೇಕ್ ಕೆಟ್ಟಿತು ಎಂದು ಊರು ಆಡಿಕೊಳ್ಳುವುದು ನನಗೆ ಬೇಡವಾಗಿತ್ತು. "ಅವ್ರಿಗಿ ಚಹಾ ಕೊಡ್ರಿ, ಈಗ ಆಗ್ತದ" ಅಂದೆ. ನೀವು ಚಹಾ ತರಲು ಮೇಲೆ ಹೋದಿರಿ.

ಮೊಟ್ಟೆ ಹಾಕಿದರೆ ಖಂಡಿತ ಉಬ್ಬುತ್ತದೆ ಎಂದು ನೋಡಿ ನೋಡಿ ಗೊತ್ತಿತ್ತು. ಮುಂದಿನ ಕೋಣೆಯಿಂದ ಸೆರಗಿನಲ್ಲಿ ಮುಚ್ಚಿ ತಂದೆ. ಹುಟ್ಟಿದಂದಿನಿಂದ ಮೊಟ್ಟೆ ಒಡೆದವಳಲ್ಲ ನಾನು. ಪಾತ್ರೆಯ ಅಂಚಿಗೆ ಕುಟ್ಟಿದರೆ ಬೆರಳಲ್ಲೇ ಪುಡಿಯಾಯಿತು. ಸಿಪ್ಪೆಯನ್ನು ಆರಿಸಿದೆ, ಎಲ್ಲ ಬಂತು ಅಂದುಕೊಂಡೆ. ಯಾರಿಗೆ ತಿಳಿಯುತ್ತದೆ ಬಿಡು — ಹೌದು, ಇದೇ ಮಾತು ಅಂದುಕೊಂಡೆ.

ಕೇಕು ಚೆಂದ ಉಬ್ಬಿತು.

ಮರುದಿನ ಚಿಂಚೋಳಿಯವರು ಬಂದರು. ಆಯಿಯ ಹಲ್ಲಿಗೆ ಸಿಕ್ಕ ಸಿಪ್ಪೆಯ ಚೂರು ಕಾಗದದಲ್ಲಿತ್ತು. ಆಯಿ ವಾಂತಿ ಮಾಡಿಕೊಂಡು, ಅನ್ನನೀರು ಬಿಟ್ಟು ಮಲಗಿದ್ದಾರೆ ಎಂದರು. ಓಣಿಯೆಲ್ಲ ಕೂಡಿತು. "ಧರ್ಮಾ ಕೆಡಸ್ಲಿಕ್ಕೇ ಬಂದಾರ ಇವ್ರು! ನಂಬಸಿ ತತ್ತಿ ತಿನ್ನಸ್ಯಾರ!" ಎಂದು ಯಾರೋ ಕೂಗಿದರು. ನನ್ನತ್ತ ಯಾರೂ ಬೆರಳು ತೋರಿಸಲಿಲ್ಲ. ನಾನು ಅವರವಳು.

ಆಯಿಯ ಮಗ ನನ್ನನ್ನು ಕೇಳಿದ: "ನೀವ ಹೇಳ್ರಿ ಅಕ್ಕಾರ, ಯಾರ್ ಹಾಕಿದ್ರು?"

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ — ನಿಜ ಹೇಳುತ್ತಿದ್ದೆ ಎಂದು ಬರೆಯಲು ಆಸೆ. ಆದರೆ ಗೊತ್ತಿಲ್ಲ.

ನೀವು ಆ ಚೂರನ್ನು ನೋಡಿದಿರಿ. ಆಮೇಲೆ ನನ್ನ ಕೈ ನೋಡಿದಿರಿ. ಒಂದು ಚೂರೂ ಬೀಳದ ಹಾಗೆ ಒಂದೇ ಕೈಯಲ್ಲಿ ಮೊಟ್ಟೆ ಒಡೆದು ಸಿಪ್ಪೆ ಎಸೆಯುವವರು ನೀವು. ನಿಮಗೆ ಅಲ್ಲೇ ತಿಳಿಯಿತು. ಆ ಖೋಲಿಯ ಕಟ್ಟಳೆ ಏನೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ನೀವಿಬ್ಬರೂ ಉಳಿಯುತ್ತಿದ್ದಿರಿ.

"ಅವ್ರನ್ನ ಕೇಳಬ್ಯಾಡ್ರಿ" ಅಂದಿರಿ. "ನಾ ಆ ಖೋಲಿಗಿ ಹೋಗಿದ್ದೆ. ತಪ್ಪು ನಂದು."

ಆಯಿಯ ಮಗ ನನ್ನತ್ತ ತಿರುಗಿದ. "ಹೌದೇನ್ರಿ ಅಕ್ಕಾರ?"

"ಹೂಂ" ಅಂದೆ.

ಸುಳ್ಳು ಹೇಳಬಾರದೆಂದು ಬದುಕಿದವರು ನೀವು. ನನ್ನ ಸಲುವಾಗಿ ಹೇಳಿದಿರಿ. ನಾನು ಅದಕ್ಕೆ ಸಾಕ್ಷಿ ನುಡಿದೆ.

ಆಮೇಲೆ ಅಂಗಡಿಗೆ ಯಾರೂ ಬರಲಿಲ್ಲ. ಮನೆಯ ಮಾಲಕರು ಖಾಲಿ ಮಾಡಲು ಹೇಳಿದರು. ಸಾಹೇಬರು ನನ್ನೊಂದಿಗೆ ಮಾತಾಡುವುದನ್ನು ಬಿಟ್ಟರು, ನೀವು ಬಿಡಲಿಲ್ಲ. ಹೊರಡುವ ದಿನ ಹಸಿರು ಹಿಡಿಕೆಯ ಪಾತ್ರೆಗಳನ್ನೆಲ್ಲ ನನ್ನ ಮುಂದಿಟ್ಟು, "ಒಯ್ರಿ, ನಿಮ್ಮ ಕೈಗಿ ಹೊಂದ್ಯಾವ" ಅಂದಿರಿ. ನಾಚಿಕೆಯಿಲ್ಲದೆ ಒಯ್ದೆ. ಔರಾದಿನಲ್ಲಿ ಅವನ್ನೇ ಇಟ್ಟುಕೊಂಡು ನನ್ನದೇ ಅಂಗಡಿ ಹಾಕಿದೆ. ಮೊಟ್ಟೆ ಸೋಕದ ಅಂಗಡಿ. ಚೆನ್ನಾಗಿ ನಡೆದಿದೆ. ಗಿರಾಕಿಗಳು "ನಿಮ್ಮ ಕೈದು ಅಂದ್ರ ಫಿಕರ್ ಇಲ್ಲ ನೋಡ್ರಿ" ಎನ್ನುತ್ತಾರೆ. ನಾನು ನಗುತ್ತೇನೆ, ಡಬ್ಬಿ ಕಟ್ಟಿಕೊಡುತ್ತೇನೆ. ಮನೆಗೆ ಹೋದರೆ ಊಟ ಮಾಡುವಷ್ಟೂ ತ್ರಾಣ ಉಳಿದಿರುವುದಿಲ್ಲ.

ಮೊನ್ನೆ ಅಂಗಡಿಗೆ ಒಬ್ಬ ಹೆಂಗಸು ಬಂದಳು, ಜೊತೆಗೆ ಎರಡು ಜಡೆ ಹಾಕಿದ ಹುಡುಗಿ. ಗಂಗಮ್ಮಾಯಿಯ ಸೊಸೆ. ಹುಡುಗಿ, ಆ ತೊಟ್ಟಿಲ ಕೂಸು. ಸೋಮವಾರ ಅವಳ ಹುಟ್ಟುಹಬ್ಬವಂತೆ.

"ಆಯಿ ಈಗ ಹಾಸಿಗಿ ಹಿಡದಾರ್ರಿ. ಅಂದಿನಿಂದ ಹೊರಗಿಂದು ಏನೂ ಬಾಯಾಗ ಇಟ್ಟಿಲ್ಲ. ಈ ಸಲ ತಾವೇ ಹೇಳ್ಯಾರ: ಕಲಾವತಿದೇ ತರ್ರಿ, ಆ ಮಾರ್ತಾಬಾಯಿ ಈಗ ಇಲ್ಲಲ್ಲ, ನಾನೂ ಒಂದು ತುತ್ತು ತಿಂತೇನಿ ಅಂತ. ನೀವ ಬಂದು ಕೊಡ್ರಿ."

ನಾನು ಬರುತ್ತೇನೆ ಅಂದೆ. ಹುಡುಗಿ ಗಾಜಿನೊಳಗಿನ ಕೇಕುಗಳನ್ನು ನೋಡುತ್ತ ನಿಂತಿದ್ದಳು. ಅವಳ ಕೈಗೆ ಒಂದು ಬಿಸ್ಕತ್ತು ಕೊಡಲು ಹೋಗಿ, ಕೊಡಲಾಗಲಿಲ್ಲ.

ಸೋಮವಾರ ಹೋಗುತ್ತೇನೆ, ಮಾರ್ತಾಬಾಯಿ. ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಖಟಕ ಚಿಂಚೋಳಿಗೆ. ಕೇಕ್ ಒಯ್ಯುವುದಿಲ್ಲ. ಅವರು ಹೊರಗೆ ಹಾಕಬಹುದು. ಔರಾದಿನ ಅಂಗಡಿಗೆ ಆಮೇಲೆ ಯಾರೂ ಬರದೆ ಇರಬಹುದು, ಬರಬಾರದು ಕೂಡ. ಆಯಿಗೆ ಕಿವಿ ಮಂದವಾಗಿದೆಯಂತೆ. ಮನೆಮಂದಿಯೆಲ್ಲ ಕೇಳುವ ಹಾಗೆ ಜೋರಾಗಿಯೇ ಹೇಳಬೇಕು.

"ಆ ಖೋಲಿಗಿ ಮಾರ್ತಾಬಾಯಿ ಎಂದೂ ಬಂದಿದ್ದಿಲ್ರಿ ಆಯಿ. ನಾ ಒಬ್ಬಾಕಿನೇ ಇದ್ದೆ."