ಗುಡಿಗೂ ಮೊದಲು

ಶಿರವಾಳಕ್ಕೆ ಟೀಚರಾಗಿ ಬಂದ ಮೊದಲ ದಿನ ನನಗೆ ಊರು ತೋರಿಸಿದವರು ನಲ್ಲಿಗಳಿಗೆ ನೀರು ಬಿಡುವ ಮುದುಕರು. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ ಹೆಗಲ ಮೇಲಿತ್ತು. ಓಣಿ ಓಣಿಗೆ ನೀರು ಬಿಡುತ್ತಾ, ಪ್ರತಿ ಬಾಗಿಲಲ್ಲೂ ನಿಂತು, "ಹೊಸಾ ಟೀಚರ್ ಬಂದಾರ, ನೋಡ್ರಿ" ಎಂದು ಕೂಗುತ್ತಿದ್ದರು. ಹಳೆಯ ಗುಡಿಗಳನ್ನು ತೋರಿಸಿ ಎಂದರೆ, "ಮೊದಲ ಮಂದೀನ ನೋಡ್ರಿ" ಎನ್ನುವರು. ಆ ಬಿಸಿಲಿಗೆ ನನಗೆ ಸಿಟ್ಟೇ ಬಂದಿತ್ತು.

ಒಮ್ಮೆ ಗುಡಿ ನೋಡಲು ಕಾರಿನಲ್ಲಿ ಬಂದವರನ್ನೂ ಅವರು ನೇರ ಒಬ್ಬ ಅಜ್ಜಿಯ ಕಟ್ಟೆಗೆ ಕರೆದೊಯ್ದರು. ಬಂದವರಲ್ಲೊಬ್ಬರು ಗಡಿಯಾರ ನೋಡಿ ಸಿಡುಕಿದರು: "ಗುಡಿ ತೋರಿಸಿ ಅಂದ್ರೆ ಇದೇನ್ರೀ?"

"ಗುಡಿ ರಾಜರ ಕಾಲದಿಂದ ನಿಂತಾವ್ರಿ, ಇನ್ನೊಂದು ತಾಸು ನಿಂದರತಾವ. ಈ ಮುದುಕಿ ನಿಂದರಂಗಿಲ್ಲ. ಕುಂದರ್ರಿ, ಚಾ ಕುಡೀರಿ" ಎಂದರು ನೀರು ಬಿಡುವ ಮುದುಕರು.

ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು. ಬಂದವರೂ ನಗುತ್ತಾ ಕುಳಿತರು.

ಕಳೆದ ವಾರ ನಮ್ಮ ಶಾಲೆಗೆ ಹೊಸ ಮಾಸ್ತರರು ಬಂದರು. ಗುಡಿಗಳು ಎಲ್ಲಿವೆ ಎಂದು ಕೇಳಿದರು. "ಆಮೇಲೆ ನೋಡೋಣ, ಬನ್ನಿ" ಎಂದೆ. ಚಾವಿಯನ್ನು ಮಗನ ಕೈಗೆ ಕೊಟ್ಟು ಈಗ ಹಾಸಿಗೆ ಹಿಡಿದಿರುವ ಆ ಮುದುಕರ ಮನೆಗೆ ಅವರನ್ನು ಮೊದಲು ಕರೆದುಕೊಂಡು ಹೋದೆ.